ಕೆಂಪಾದ ರಸ್ತೆಯನ್ನು ಅಗಲ ಮಾಡಬೇಡಿ: ಸಿಟೀಸ್ ಸ್ಕೈಲೈನ್ಸ್‌ನಲ್ಲಿ ಬ್ಲಾಕ್ ಬಿಡಿಸುವ ಬಗೆ

ಸಿಟೀಸ್ ಸ್ಕೈಲೈನ್ಸ್ ಅಂದರೆ ಕಂಪ್ಯೂಟರಿನಲ್ಲಿ ಊರು ಕಟ್ಟಿ ನಡೆಸುವ ಆಟ. ಅದನ್ನು ಆಡುವವರಲ್ಲಿ ವಾರಕ್ಕೆ ಒಬ್ಬರಾದರೂ ನನ್ನನ್ನು ಇದನ್ನೇ ಕೇಳುತ್ತಾರೆ. "ಆರು ಲೇನ್ ಮಾಡಿದೆ, ಆದ್ರೂ ಬ್ಲಾಕ್ ಹೋಗ್ತಿಲ್ಲ. ಇನ್ನೇನು ಮಾಡೋದು?" ಜೊತೆಗೊಂದು ಸ್ಕ್ರೀನ್‌ಶಾಟ್ ಇರುತ್ತದೆ. ಹೈವೇಯಿಂದ ಪೇಟೆಗೆ ಇಳಿಯುವಲ್ಲಿ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ನಿಂತಿವೆ. ಪಕ್ಕದ ಎರಡು ಲೇನ್ ಖಾಲಿ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಯಿತು, ಹಾಗಾಗಿ ಎಲ್ಲವನ್ನೂ ಇಲ್ಲೇ ಬರೆದಿಡುತ್ತಿದ್ದೇನೆ. ಬ್ಲಾಕ್ ಅಂದರೆ ಟ್ರಾಫಿಕ್ ಜಾಮ್. ಬೆಂಗಳೂರಿನವರು ಏನಾದರೂ ಅನ್ನಲಿ, ಕಾಸರಗೋಡಿನ ಬಾಯಲ್ಲಿ ಅದು ಬ್ಲಾಕೇ.

ಇಲ್ಲಿ ಹೇಳುವುದು 2015ರ ಮಾರ್ಚಿನಲ್ಲಿ ಬಂದ ಮೊದಲ ಸಿಟೀಸ್ ಸ್ಕೈಲೈನ್ಸ್ ಬಗ್ಗೆ. 2023ರ ಅಕ್ಟೋಬರಿನಲ್ಲಿ ಎರಡನೆಯದು ಬಂತು. ಆದರೆ ಅದಕ್ಕೆ ಗಟ್ಟಿ ಕಂಪ್ಯೂಟರ್ ಬೇಕು. ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ಹಳೆಯದನ್ನೇ ಆಡುತ್ತಿದ್ದಾರೆ, ನಾನೂ ಹಾಗೇ. ಇದನ್ನು ಮಾಡಿದ ಫಿನ್‌ಲ್ಯಾಂಡಿನ ಕೊಲೋಸಲ್ ಆರ್ಡರ್ ಕಂಪನಿ ಅದಕ್ಕಿಂತ ಮೊದಲು, 2011ರಲ್ಲಿ, ಊರಿನ ಬಸ್ಸು ಟ್ರಾಮುಗಳನ್ನು ನಡೆಸುವ ಸಿಟೀಸ್ ಇನ್ ಮೋಷನ್ ಎಂಬ ಆಟ ತಂದಿತ್ತು. ಆ ಗುಣ ಇಲ್ಲೂ ಬಂದಿದೆ. ಈ ಆಟದಲ್ಲಿ ದುಡ್ಡು ಸಾಲದೆ ಸೋಲುವವರು ಕಡಿಮೆ, ರಸ್ತೆ ಬ್ಲಾಕ್ ಆಗಿ ಸೋಲುವವರೇ ಜಾಸ್ತಿ.

ಶುರು ಮಾಡುವ ಮೊದಲು

ಹೆಚ್ಚುವರಿ ಪ್ಯಾಕ್ (ಆಟಕ್ಕೆ ಬೇರೆಯಾಗಿ ಕೊಳ್ಳುವ ಸೇರ್ಪಡೆ) ಯಾವುದೂ ಬೇಕಾಗಿಲ್ಲ. ಆಟ ಮಾತ್ರ ಅಪ್‌ಡೇಟ್ ಆಗಿರಲಿ, ಯಾಕೆಂದರೆ ನಾನು ಮುಂದೆ ಹೇಳುವ ಒಂದು ಮುಖ್ಯ ಸಾಧನ 2017ರ ಉಚಿತ ಅಪ್‌ಡೇಟ್‌ನಲ್ಲಿ ಬಂದದ್ದು. ನಿಮ್ಮ ಊರನ್ನು ಬೇರೆ ಹೆಸರಿನಲ್ಲಿ ಒಮ್ಮೆ ಸೇವ್ ಮಾಡಿ. ರಸ್ತೆ ಒಡೆಯುವ ಕೆಲಸ ಇದೆ, ಹಿಂದೆ ಬರಲು ದಾರಿ ಬೇಕು.

ಹೊಸ ಊರು ಶುರು ಮಾಡುವವರಿಗೆ ಒಂದು ಮಾತು. ನಕ್ಷೆ ಆರಿಸುವ ಪುಟದಲ್ಲೇ ಎಡಬದಿ ಸಂಚಾರ ಬೇಕೋ ಎಂದು ಕೇಳುತ್ತದೆ. ನಮಗೆ ರೂಢಿ ಇರುವುದು ಎಡಬದಿಯದ್ದು, ಅದನ್ನು ಟಿಕ್ ಮಾಡಿದರೆ ಕಣ್ಣಿಗೆ ಹಿತ. ಆದರೆ ವರ್ಕ್‌ಶಾಪ್‌ನಿಂದ (ಆಟಗಾರರು ತಾವು ಮಾಡಿದ್ದನ್ನು ಹಂಚಿಕೊಳ್ಳುವ ಜಾಗ) ತರುವ ಸಿದ್ಧ ಫ್ಲೈಓವರ್‌ಗಳಲ್ಲಿ ಹೆಚ್ಚಿನವು ಬಲಬದಿಗೆ ಮಾಡಿದವು. ಎಡಬದಿಯ ಊರಿನಲ್ಲಿ ಇಟ್ಟರೆ ಹತ್ತುವ ದಾರಿ ಇಳಿಯುವ ದಾರಿಯಾಗುತ್ತದೆ.

ಗಾಡಿಗಳು ಯೋಚಿಸುವ ರೀತಿ

ಇದು ತಿಳಿಯದೆ ಮುಂದೆ ಹೋಗಬೇಡಿ. ಈ ಆಟದ ಗಾಡಿ ಮನೆಯಿಂದ ಹೊರಡುವಾಗಲೇ ದಾರಿ ಆರಿಸಿಬಿಡುತ್ತದೆ. ಅದು ನೋಡುವುದು ದೂರ ಎಷ್ಟು, ರಸ್ತೆಯ ವೇಗದ ಮಿತಿ ಎಷ್ಟು ಎಂಬುದನ್ನು. ಮುಂದೆ ಬ್ಲಾಕ್ ಇದೆಯಾ ಎಂದು ನೋಡುವುದೇ ಇಲ್ಲ. ನಮ್ಮ ಆಟೋದವರು ಪೇಟೆಯಲ್ಲಿ ಬ್ಲಾಕ್ ಅಂದ ಕೂಡಲೇ ಒಳರಸ್ತೆಗೆ ತಿರುಗಿಸುತ್ತಾರಲ್ಲ, ಆ ಬುದ್ಧಿ ಇವಕ್ಕಿಲ್ಲ.

ಎರಡನೆಯದು, ಗಾಡಿ ತಾನು ಮುಂದೆ ತಿರುಗಬೇಕಾದ ಲೇನನ್ನು ಬಹಳ ಮೊದಲೇ ಹಿಡಿಯುತ್ತದೆ. ನೂರು ಲಾರಿಗೆ ಎಡಕ್ಕೆ ತಿರುಗಲಿಕ್ಕಿದ್ದರೆ ನೂರೂ ಎಡ ಲೇನಿನಲ್ಲೇ ಸಾಲು ನಿಲ್ಲುತ್ತವೆ. ಆ ಸ್ಕ್ರೀನ್‌ಶಾಟ್‌ನಲ್ಲಿ ಎರಡು ಲೇನ್ ಖಾಲಿ ಇದ್ದದ್ದು ಇದಕ್ಕೇ. ಅಲ್ಲಿ ಇನ್ನೂ ಮೂರು ಲೇನ್ ಸೇರಿಸಿದರೆ ಖಾಲಿ ಲೇನ್ ಐದಾಗುತ್ತದೆ, ಅಷ್ಟೇ.

ಎರಡನೇ ಆಟದಲ್ಲಿ ಗಾಡಿಗಳು ಸ್ವಲ್ಪ ಜಾಣ. ಸಮಯ, ಖರ್ಚು, ಆರಾಮ ಎಲ್ಲ ಲೆಕ್ಕ ಹಾಕುತ್ತವೆ, ಪಾರ್ಕಿಂಗ್ ಸಿಗುತ್ತದಾ ಅಂತಲೂ ನೋಡುತ್ತವೆ. ಆದರೂ ಮುಂದೆ ಹೇಳುವ ಹೆಚ್ಚಿನ ಕೆಲಸ ಅಲ್ಲೂ ನಡೆಯುತ್ತದೆ.

1. ಆಟ ನಿಲ್ಲಿಸಿ, ಒಂದು ಲಾರಿಯ ಬೆನ್ನು ಹಿಡಿಯಿರಿ

ಸ್ಪೇಸ್ ಬಾರ್ ಒತ್ತಿ ಆಟ ನಿಲ್ಲಿಸಿ. ಮಾಹಿತಿ ನೋಟಗಳಲ್ಲಿ ಟ್ರಾಫಿಕ್ ತೆರೆಯಿರಿ. ಹಸಿರು ಅಂದರೆ ಓಡುತ್ತಿದೆ, ಕೆಂಪು ಅಂದರೆ ನಿಂತಿದೆ. ಎಲ್ಲರೂ ಇಲ್ಲಿಗೇ ಬಂದು, ಕೆಂಪು ಕಂಡ ರಸ್ತೆಯನ್ನು ಅಗಲ ಮಾಡಿ ಹೋಗುತ್ತಾರೆ. ನೀವು ಇನ್ನೊಂದು ಹೆಜ್ಜೆ ಇಡಿ. ಟ್ರಾಫಿಕ್ ರೂಟ್ಸ್ ಎಂಬ ನೋಟ ತೆರೆದು ಆ ಕೆಂಪು ರಸ್ತೆಯ ಮೇಲೆ ಕ್ಲಿಕ್ ಮಾಡಿ. ಆ ತುಂಡಿನ ಮೇಲೆ ಹೋಗುವ ಪ್ರತಿ ಗಾಡಿ ಎಲ್ಲಿಂದ ಎಲ್ಲಿಗೆ ಎಂದು ಬಣ್ಣದ ಗೆರೆಗಳು ಬರುತ್ತವೆ. ನಾನು ಹೇಳಿದ 2017ರ ಸಾಧನ ಇದೇ.

ಆಟದಲ್ಲಿ ನನ್ನ ಊರಿನ ಹೆಸರು ಹೊಸ ಕುಂಬಳೆ. ಅಲ್ಲಿ ಶಾಲೆಯ ಎದುರಿನ ಓಣಿ ಯಾವಾಗಲೂ ಕೆಂಪು. ಒಂದು ಲಾರಿಯನ್ನು ಕ್ಲಿಕ್ ಮಾಡಿದೆ. ಹೈವೇಯಿಂದ ಬಂದದ್ದು, ಊರಿನ ಆ ತುದಿಯ ಅಂಗಡಿಗೆ ಸಾಮಾನು ಹೊತ್ತದ್ದು. ಅದಕ್ಕೂ ಶಾಲೆಗೂ ಸಂಬಂಧವೇ ಇಲ್ಲ. ಮುಖ್ಯ ರಸ್ತೆಗೆ ಹೋಲಿಸಿದರೆ ಓಣಿಯ ದಾರಿ ಒಂದಿಷ್ಟು ಹತ್ತಿರ, ಹಾಗಾಗಿ ಲಾರಿ ಅಲ್ಲಿ ನುಗ್ಗಿದೆ. ನಾನು ಶಾಲೆಯ ರಸ್ತೆಯನ್ನು ಎರಡು ಸಲ ಅಗಲ ಮಾಡಿದ್ದೆ. ಅಗಲವಾದಷ್ಟೂ ವೇಗದ ಮಿತಿ ಏರಿ ಲಾರಿಗಳಿಗೆ ಅದು ಇನ್ನೂ ಒಳ್ಳೆಯ ದಾರಿಯಾಗಿತ್ತು! ಕೊನೆಗೆ ಓಣಿಯ ಒಂದು ತುದಿಯನ್ನು ಒಡೆದು ಮುಚ್ಚಿದೆ. ಕೆಂಪು ಹೋಯಿತು.

ಡೀಟ್ರಿಚ್ ಬ್ರೆಸ್ ಎಂಬ ಜರ್ಮನ್ ಗಣಿತಜ್ಞ 1968ರಲ್ಲೇ ಇದನ್ನು ಹೋಲುವ ಮಾತು ಲೆಕ್ಕ ಹಾಕಿ ತೋರಿಸಿದ್ದರು. ಪ್ರತಿಯೊಬ್ಬನೂ ತನಗೆ ಹತ್ತಿರದ ದಾರಿ ಹಿಡಿದರೆ, ಹೊಸದೊಂದು ರಸ್ತೆ ಸೇರಿಸಿದ್ದರಿಂದಲೇ ಎಲ್ಲರಿಗೂ ತಡವಾಗುವುದುಂಟು. ಹಾಗಾಗಿ ರಸ್ತೆ ಸೇರಿಸುವ ಮೊದಲು ಒಂದು ತೆಗೆದರೆ ಏನಾಗುತ್ತದೆ ಅಂತ ನೋಡಿ. ಸೇವ್ ಮಾಡಿದ್ದೀರಿ, ಭಯ ಬೇಡ.

2. ರಸ್ತೆಗಳನ್ನು ಮೂರು ಜಾತಿ ಮಾಡಿ

ನಮ್ಮ ಕಡೆಯ ರಸ್ತೆಗಳನ್ನೇ ನೆನಪಿಸಿಕೊಳ್ಳಿ. ತಲಪಾಡಿಯಿಂದ ಕಾಸರಗೋಡು ದಾಟಿ ತೆಂಕಕ್ಕೆ ಹೋಗುವ 66ನೇ ಹೆದ್ದಾರಿ ಒಂದು. ಕುಂಬಳೆಯಲ್ಲಿ ಅದರಿಂದ ಕವಲೊಡೆದು ಬದಿಯಡ್ಕ, ಮುಳ್ಳೇರಿಯ ಕಡೆ ಹೋಗುವ ರಸ್ತೆ ಇನ್ನೊಂದು. ಆ ರಸ್ತೆಯಿಂದ ತೋಟದ ಮನೆಗೆ ಇಳಿಯುವ ದಾರಿ ಮೂರನೆಯದು. ಆಟದಲ್ಲೂ ಇದೇ ಮೂರು ಬೇಕು. ದೂರ ಹೋಗಲು ಹೈವೇ. ಹೈವೇಯಿಂದ ಗಾಡಿಗಳನ್ನು ಹಂಚಲು ನಾಲ್ಕು ಅಥವಾ ಆರು ಲೇನಿನ ಪೇಟೆ ರಸ್ತೆ. ಮನೆ ಅಂಗಡಿಗಳ ಮುಂದೆ ಎರಡು ಲೇನಿನ ಓಣಿ.

ಓಣಿ ಪೇಟೆ ರಸ್ತೆಗೆ ಸೇರಬೇಕು, ಪೇಟೆ ರಸ್ತೆ ಹೈವೇಗೆ. ಓಣಿ ನೇರ ಹೈವೇಗೆ ಸೇರಬಾರದು. ಎರಡು ಲೇನಿನ ಓಣಿಯಲ್ಲಿ ಮಿತಿ 40 ಕಿಮೀ, ಹೈವೇಯಲ್ಲಿ 100. ಹಾಗಾಗಿ ಹೈವೇ ಸ್ವಲ್ಪ ಸುತ್ತಾದರೂ ಗಾಡಿ ಅದನ್ನೇ ಆರಿಸುತ್ತದೆ. ಬೈಪಾಸ್ ಕೆಲಸ ಮಾಡುವುದು ಈ ಲೆಕ್ಕದ ಮೇಲೆ. ಬೈಪಾಸ್ ಕಟ್ಟಿ ಅದಕ್ಕೆ ಸಾದಾ ಎರಡು ಲೇನಿನ ರಸ್ತೆ ಹಾಕಿದರೆ ಒಂದು ಗಾಡಿಯೂ ಅತ್ತ ಹೋಗದು.

ಸಾಮಾನ್ಯ ತಪ್ಪು ಯಾವುದು ಗೊತ್ತಾ? ಊರನ್ನೆಲ್ಲ ಆರು ಲೇನ್ ಮಾಡುವುದು. ದೊಡ್ಡ ರಸ್ತೆಗಳು ಸೇರುವಲ್ಲೆಲ್ಲ ಆಟ ತಾನಾಗಿ ಸಿಗ್ನಲ್ ಲೈಟ್ ಹಾಕುತ್ತದೆ. ಗಾಡಿ ಹೆಜ್ಜೆ ಹೆಜ್ಜೆಗೆ ನಿಲ್ಲುತ್ತದೆ.

3. ಮನೆಗಳ ಸಾಲನ್ನು ಉದ್ದಕ್ಕೆ ಹಾಕಿ

ರಸ್ತೆಯ ಒಂದೊಂದು ಬದಿಯಲ್ಲಿ ನಾಲ್ಕು ಚೌಕದ ಆಳಕ್ಕೆ ಝೋನ್ ಹಾಕಬಹುದು. ಝೋನ್ ಅಂದರೆ ಇಲ್ಲಿ ಮನೆ, ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ ಎಂದು ಬಣ್ಣ ಬಳಿಯುವುದು. ಎರಡು ಓಣಿಗಳ ನಡುವೆ ಎಂಟು ಚೌಕ ಬಿಟ್ಟರೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಸಾಲಿಗೆ ಜಾಗ ಸರಿಯಾಗಿ ಸಾಕು. ಇನ್ನೊಂದು ಬದಿಯ ಉದ್ದ ನಿಮಗೆ ಬಿಟ್ಟದ್ದು. ಅಲ್ಲೂ ಎಂಟೇ ಇಟ್ಟು ಚದುರಂಗದ ಮಣೆ ಮಾಡಬೇಡಿ. ಇಪ್ಪತ್ತೋ ಇಪ್ಪತ್ತೈದೋ ಇಡಿ, ಆ ಉದ್ದದ ಬದಿ ಪೇಟೆ ರಸ್ತೆಗೆ ಸಮಾನಾಂತರವಾಗಿರಲಿ. ಆಗ ಪೇಟೆ ರಸ್ತೆಗೆ ಓಣಿಗಳು ಬಂದು ಸೇರುವ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಈಗಾಗಲೇ ಕಟ್ಟಿದ ಊರಾದರೆ ಪೇಟೆ ರಸ್ತೆಯ ಉದ್ದಕ್ಕೂ ಹೋಗಿ, ಒಂದು ಬಿಟ್ಟು ಒಂದು ಓಣಿಯ ಬಾಯಿ ಮುಚ್ಚಿ. ಒಂದೇ ಒಂದು ತುಂಡು ಒಡೆದರೆ ಸಾಕು. ಓಣಿಯ ಇನ್ನೊಂದು ತುದಿ ಎಲ್ಲಾದರೂ ಸೇರಿದೆಯಾ ಅಂತ ನೋಡಿಕೊಳ್ಳಿ, ಇಲ್ಲವಾದರೆ ಮನೆಗೆ ದಾರಿಯೇ ಇರುವುದಿಲ್ಲ.

4. ಕಾರ್ಖಾನೆಗೆ ಅದರದ್ದೇ ಬಾಗಿಲು ಕೊಡಿ

ಲಾರಿಗಳನ್ನು ಹುಟ್ಟಿಸುವುದು ಹಳದಿ ಝೋನ್, ಅಂದರೆ ಕೈಗಾರಿಕೆ. ಕಚ್ಚಾ ಸಾಮಾನು ಹೊರಗಿನಿಂದ ಬರುತ್ತದೆ, ಹೆಚ್ಚಾದದ್ದು ಹೊರಗೆ ಹೋಗುತ್ತದೆ, ಉಳಿದದ್ದು ಅಂಗಡಿಗಳಿಗೆ. ಹೆಚ್ಚಿನವರು ಊರಿಗೆ ಒಂದೇ ಹೈವೇ ಬಾಗಿಲು ಇಟ್ಟು, ಬಾಗಿಲ ಹತ್ತಿರ ಮನೆ, ಹಿಂದೆ ಮೂಲೆಯಲ್ಲಿ ಕಾರ್ಖಾನೆ ಇಡುತ್ತಾರೆ. ಹೊಗೆ ದೂರ ಇರಲಿ ಅಂತ. ಹೊಗೆ ದೂರ ಹೋಯಿತು, ಲಾರಿ ಮನೆಯಂಗಳಕ್ಕೆ ಬಂತು.

ಕಾರ್ಖಾನೆ ಪ್ರದೇಶದಿಂದ ಹೈವೇಗೆ ಬೇರೆಯೇ ಒಂದು ಹತ್ತುವ ದಾರಿ, ಒಂದು ಇಳಿಯುವ ದಾರಿ ಮಾಡಿ. ಸ್ಕ್ರೀನ್‌ಶಾಟ್ ಕಳಿಸಿದವರಲ್ಲಿ ಹೆಚ್ಚಿನವರ ತೊಂದರೆ ಈ ಒಂದೇ ಕೆಲಸಕ್ಕೆ ಬಗೆಹರಿದಿದೆ. ಆಮೇಲೆ ಮನೆಗಳ ಪ್ರದೇಶವನ್ನು ಡಿಸ್ಟ್ರಿಕ್ಟ್ ಎಂದು ಗುರುತಿಸಿ, ಭಾರಿ ವಾಹನ ನಿಷೇಧದ ನಿಯಮ ಹಾಕಬಹುದು. ಮೊದಲು ಬೇರೆ ದಾರಿ, ಆಮೇಲೆ ನಿಷೇಧ. ಉಲ್ಟಾ ಮಾಡಿದರೆ ಬ್ಲಾಕ್ ಜಾಗ ಬದಲಿಸುತ್ತದೆ, ಬಿಡುವುದಿಲ್ಲ.

ಊರು ಬೆಳೆದ ಮೇಲೆ ಹಳದಿಯನ್ನು ಒಂದಿಷ್ಟು ಕಡಿಮೆ ಮಾಡಿ ಆಫೀಸು ಝೋನ್ ಹಾಕಿ. ಅಲ್ಲಿಗೆ ಜನ ಬರುತ್ತಾರೆ, ಲಾರಿ ಬರುವುದಿಲ್ಲ.

5. ದೊಡ್ಡ ಜಂಕ್ಷನ್‌ಗೆ ಸರ್ಕಲ್ ಹಾಕಿ

ಸರ್ಕಲ್ ಅಂದರೆ ಸುಮ್ನೆ ನಡುವೆ ಪ್ರತಿಮೆ ಇರುವ ಜಾಗವಲ್ಲ. ಒಂದೇ ದಿಕ್ಕಿನಲ್ಲಿ ಸುತ್ತುವ ರಸ್ತೆ, ಒಳಗೆ ಸುತ್ತುವವನಿಗೆ ಮೊದಲ ಹಕ್ಕು, ಹೊರಗಿನಿಂದ ಬರುವವನು ಕಾಯಬೇಕು. ಆಗಲೇ ಅದು ರೌಂಡ್‌ಅಬೌಟ್.

ಮಾಡುವ ಕ್ರಮ ಹೀಗೆ. ಆಟ ನಿಲ್ಲಿಸಿ. ಜಂಕ್ಷನ್‌ನ ನಾಲ್ಕೂ ಬದಿಯಿಂದ ಐದಾರು ಚೌಕದಷ್ಟು ರಸ್ತೆ ಒಡೆಯಿರಿ. ಎರಡು ಲೇನಿನ ಏಕಮುಖ ರಸ್ತೆ ತೆಗೆದುಕೊಂಡು, ಬಾಗುವ ಸಾಧನದಲ್ಲಿ ಕಾಲು ಕಾಲು ಭಾಗದಂತೆ ನಾಲ್ಕು ಸಲ ಎಳೆದು ವೃತ್ತ ಮುಗಿಸಿ. ಎಡಬದಿ ಸಂಚಾರದ ಊರಾದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಳೆಯಬೇಕು. ಬಲಬದಿಯಾದರೆ ಅದಕ್ಕೆ ಎದುರು. ಯೂಟ್ಯೂಬ್ ನೋಡಿ ಮಾಡುವವರು ತಪ್ಪುವುದು ಇಲ್ಲೇ, ಯಾಕೆಂದರೆ ಆ ವಿಡಿಯೋಗಳಲ್ಲಿ ಹೆಚ್ಚಿನವು ಬಲಬದಿಯವು. ದಿಕ್ಕು ತಪ್ಪಿದ್ದರೆ ಒಡೆಯಬೇಕಾಗಿಲ್ಲ. ಅಪ್‌ಗ್ರೇಡ್ ಸಾಧನ ಹಿಡಿದು ಮೌಸ್‌ನ ಬಲ ಗುಂಡಿ ಒತ್ತಿದರೆ ಏಕಮುಖ ರಸ್ತೆ ತಿರುಗಿಕೊಳ್ಳುತ್ತದೆ. ನಂತರ ನಾಲ್ಕು ರಸ್ತೆಗಳನ್ನು ವೃತ್ತಕ್ಕೆ ಸೇರಿಸಿ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸ. ಟ್ರಾಫಿಕ್ ರೂಟ್ಸ್ ನೋಟದಲ್ಲೇ ಜಂಕ್ಷನ್ಸ್ ಎಂಬ ಇನ್ನೊಂದು ಪುಟ ಇದೆ. ಅದರಲ್ಲಿ ವೃತ್ತದ ಮೇಲಿನ ಸಿಗ್ನಲ್ ಲೈಟುಗಳನ್ನು ಒಂದೊಂದಾಗಿ ತೆಗೆದುಹಾಕಿ. ಒಳಗೆ ಬರುವ ಪ್ರತಿ ರಸ್ತೆಯ ಬಾಯಿಗೆ ಸ್ಟಾಪ್ ಬೋರ್ಡ್ ಹಾಕಿ. ಲೈಟು ಉಳಿದ ಸರ್ಕಲ್ ಸಾದಾ ಜಂಕ್ಷನ್‌ಗಿಂತ ಕೆಟ್ಟದ್ದು, ಹತ್ತು ಗಾಡಿ ಒಳಗೇ ಸಿಕ್ಕಿ ಒಂದನ್ನೊಂದು ಕಾಯುತ್ತಾ ನಿಂತಿರುತ್ತವೆ.

ಎರಡನೇ ಆಟದಲ್ಲಿ ಸಿದ್ಧ ಸರ್ಕಲ್ ಸಿಗುತ್ತದೆ, ಜಂಕ್ಷನ್ ಮೇಲೆ ಇಟ್ಟರಾಯಿತು.

ಸರ್ಕಲ್ ಎಲ್ಲಾ ರೋಗಕ್ಕೂ ಮದ್ದಲ್ಲ. ಹೈವೇಯ ಪೂರ್ತಿ ಗಾಡಿಗಳನ್ನು ಒಂದು ಸರ್ಕಲ್‌ಗೆ ತಂದು ಸುರಿದರೆ ಅದೂ ಕೈಚೆಲ್ಲುತ್ತದೆ. ನೇರ ಹೋಗುವವರಿಗೆ ಮೇಲೊಂದು ಫ್ಲೈಓವರ್ ಕೊಟ್ಟು, ತಿರುಗುವವರಿಗೆ ಮಾತ್ರ ಕೆಳಗೆ ಸರ್ಕಲ್ ಬಿಡಿ.

6. ಲೇನಿನ ಕೂಡು-ಕಳೆ

ಇದಕ್ಕೆ ಆಟಗಾರರು ಲೇನ್ ಮ್ಯಾಥಮ್ಯಾಟಿಕ್ಸ್ ಅನ್ನುತ್ತಾರೆ, ಹೆಸರು ಮಾತ್ರ ದೊಡ್ಡದು. ಮೂರು ಲೇನಿನ ಹೈವೇಯಿಂದ ಒಂದು ಲೇನಿನ ಇಳಿಯುವ ದಾರಿ ತೆಗೆದರೆ ಮುಂದೆ ಉಳಿಯಬೇಕಾದದ್ದು ಎರಡು. ಮುಂದೆಯೂ ಮೂರೇ ಇಟ್ಟರೆ ಇಳಿಯುವವರಿಗೂ ನೇರ ಹೋಗುವವರಿಗೂ ಒಂದೇ ಲೇನಿನಲ್ಲಿ ಹಗ್ಗಜಗ್ಗಾಟ. ಎರಡು ಲೇನಿನ ಹೈವೇ ಮಾಸ್ ಟ್ರಾನ್ಸಿಟ್ ಎಂಬ ಹೆಚ್ಚುವರಿ ಪ್ಯಾಕ್‌ನಲ್ಲಿ ಇದೆ. ಅದಿಲ್ಲದವರು ಇಳಿಯುವ ದಾರಿ ಮತ್ತು ಮುಂದಿನ ಹತ್ತುವ ದಾರಿಯ ನಡುವೆ ಸಾಕಷ್ಟು ದೂರ ಬಿಡಿ, ಲೇನ್ ಬದಲಿಸಲು ಗಾಡಿಗೆ ಜಾಗ ಸಿಗುತ್ತದೆ.

7. ನಡೆಯುವವರಿಗೆ ದಾರಿ

ಇದನ್ನು ಯಾರೂ ಕೇಳುವುದಿಲ್ಲ. ನನಗೆ ಮಾತ್ರ ಇದೇ ಮುಖ್ಯ ಅನ್ನಿಸುತ್ತದೆ. ಬಹುಶಃ ನಮ್ಮ ಊರಿನವರಿಗೆ ಬೇಗ ಅರ್ಥವಾಗುತ್ತದೆ. ಹೆದ್ದಾರಿ ಆರು ಲೇನ್ ಆಗುವಾಗ ಊರು ನಡುವೆ ಸೀಳಿ ಎರಡಾಯಿತಲ್ಲ. ಎದುರಿಗೇ ಕಾಣುವ ಅಂಗಡಿಗೆ ಹೋಗಲು ಅಂಡರ್‌ಪಾಸ್ ಎಲ್ಲಿದೆ ಎಂದು ಹುಡುಕಿ, ಸರ್ವೀಸ್ ರೋಡಿನಲ್ಲಿ ಸುತ್ತಬೇಕು. ನಡೆದು ಹೋಗುತ್ತಿದ್ದವನು ಸ್ಕೂಟರ್ ತೆಗೆಯುತ್ತಾನೆ. ಆಟದಲ್ಲೂ ಆಗುವುದು ಇದೇ. ಹೈವೇಗೆ ಫುಟ್‌ಪಾತ್ ಇಲ್ಲ. ನೀವು ಹೈವೇ ಎಳೆದು ಊರನ್ನು ಎರಡು ಮಾಡಿದರೆ, ಆಚೆ ಬದಿಯ ಅಂಗಡಿಗೆ ಎಲ್ಲರೂ ಕಾರು ತೆಗೆಯುತ್ತಾರೆ. ಅದೂ ಎಲ್ಲಿಂದ? ಈ ಆಟದ ಜನ ಕಾರನ್ನು ಜೇಬಿನಿಂದ ತೆಗೆದಂತೆ ನಿಂತಲ್ಲೇ ತೆಗೆಯುತ್ತಾರೆ, ಪಾರ್ಕಿಂಗ್‌ನ ಚಿಂತೆಯೇ ಇಲ್ಲ!

ಪಾದಚಾರಿ ದಾರಿ ಎಂಬ ಸಣ್ಣ ಸಾಧನ ಇದೆ. ಅದನ್ನು ಮೇಲಕ್ಕೆತ್ತಿ ಸೇತುವೆಯಾಗಿಯೂ ಹಾಕಬಹುದು, ನೆಲದಡಿ ಸುರಂಗವಾಗಿಯೂ ಹಾಕಬಹುದು. ಹೈವೇಯ ಈಚೆಗಿನ ಓಣಿಯಿಂದ ಆಚೆಗಿನ ಓಣಿಗೆ ಅಲ್ಲಲ್ಲಿ ಸೇರಿಸಿ. ಎರಡೂ ತುದಿ ಫುಟ್‌ಪಾತ್ ಇರುವ ರಸ್ತೆಗೆ ಮುಟ್ಟಿರಬೇಕು, ಗಾಳಿಯಲ್ಲಿ ನಿಂತರೆ ಯಾರೂ ಹತ್ತುವುದಿಲ್ಲ. ಮುಚ್ಚಿದ ಓಣಿಗಳ ಬಾಯಿಗೂ ಇದನ್ನೇ ಹಾಕಿ, ಗಾಡಿಗೆ ಮಾತ್ರ ಬಾಗಿಲು ಮುಚ್ಚಿದ ಹಾಗಾಗುತ್ತದೆ. ಈ ಜನ ನಡೆಯಲು ಬೇಸರಪಡುವವರಲ್ಲ. ಹತ್ತಿರದ ದಾರಿ ಸಿಕ್ಕಿದರೆ ಸಾಕು, ಸಾಲು ಸಾಲಾಗಿ ನಡೆಯುತ್ತಾರೆ.

ಸರ್ಕಲ್‌ನ ಸುತ್ತಲೂ ಹೀಗೆ ಮೇಲ್ಸೇತುವೆ ಹಾಕಿ. ರಸ್ತೆ ದಾಟುವ ಜನರಿಗಾಗಿ ಗಾಡಿ ನಿಲ್ಲುವುದು ತಪ್ಪುತ್ತದೆ.

ಇದರ ಹಿಂದೆ ಇನ್ನೊಂದು ಲೆಕ್ಕವೂ ಇದೆ. ಆಟದಲ್ಲಿ ಏಕಕಾಲಕ್ಕೆ ಓಡಬಹುದಾದ ವಾಹನಗಳು 16,384 ಮಾತ್ರ. ಊರು ದೊಡ್ಡದಾಗಿ ಈ ಮಿತಿ ಮುಟ್ಟಿದರೆ ಹೊಸ ಗಾಡಿ ಹೊರಡುವುದೇ ಇಲ್ಲ. ನಡೆಯುವ ಒಬ್ಬೊಬ್ಬನೂ ಒಂದು ಗಾಡಿ ಉಳಿಸುತ್ತಾನೆ.

8. ಬಸ್ಸು, ಮೆಟ್ರೋ, ರೈಲು

ಬಸ್ಸಿನ ಮಾರ್ಗ ಗಿಡ್ಡ ಇರಲಿ. ಊರೆಲ್ಲ ಸುತ್ತುವ ಒಂದೇ ಉದ್ದ ಮಾರ್ಗ ಹಾಕಬೇಡಿ, ಬಸ್ಸುಗಳೆಲ್ಲ ಒಂದರ ಹಿಂದೆ ಒಂದು ಬಂದು ಅವೇ ಬ್ಲಾಕ್ ಮಾಡುತ್ತವೆ. ಹತ್ತಿರಕ್ಕೆ ಬಸ್ಸು, ದೂರಕ್ಕೆ ಮೆಟ್ರೋ.

ರೈಲು ಹಳಿಯನ್ನು ರಸ್ತೆಯ ಮಟ್ಟದಲ್ಲೇ ದಾಟಿಸಬೇಡಿ. ಹೊಸಂಗಡಿಯಲ್ಲಿ ಗೇಟ್ ಬಿದ್ದಾಗ ಕಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸರಕು ರೈಲು ನಿಲ್ದಾಣವನ್ನು ಕಾರ್ಖಾನೆಯ ಮಗ್ಗುಲಲ್ಲೇ ಇಡಿ. ಪೇಟೆಯ ನಡುವೆ ಇಟ್ಟರೆ ಊರಿನ ಲಾರಿಗಳೆಲ್ಲ ಅಲ್ಲಿಗೇ ಬರುತ್ತವೆ. ಹೊರಗಿನಿಂದ ಬರುವ ರೈಲಿನ ಹಳಿಯನ್ನೂ ಊರೊಳಗಿನ ರೈಲಿನ ಹಳಿಯನ್ನೂ ಬೇರೆ ಇಡಿ. ಇಲ್ಲವಾದರೆ ಹಳಿಯ ಮೇಲೂ ಬ್ಲಾಕ್ ನೋಡುವ ಭಾಗ್ಯ ಸಿಗುತ್ತದೆ.

9. ಹೆಣದ ಗಾಡಿ ಬರುತ್ತಿಲ್ಲ ಅಂದರೆ

ಮನೆಗಳ ಮೇಲೆಲ್ಲ ಹೆಣದ ಗುರುತು ಕಂಡರೆ ಸ್ಮಶಾನ ಹೆಚ್ಚಿಸಲು ಓಡಬೇಡಿ. ಮೊದಲು ಹೆಣದ ಗಾಡಿ ಎಲ್ಲಿ ಸಿಕ್ಕಿಬಿದ್ದಿದೆ ನೋಡಿ. ಕಸದ ಗಾಡಿಗೂ ಇದೇ ಮಾತು. ರಸ್ತೆ ಸರಿ ಇದ್ದೂ ಒಟ್ಟಿಗೆ ನೂರಾರು ಜನ ಸಾಯುತ್ತಿದ್ದರೆ, ನೀವು ಒಂದೇ ಸಲಕ್ಕೆ ಬಹಳ ಜಾಗಕ್ಕೆ ಮನೆ ಝೋನ್ ಹಾಕಿದ್ದೀರಿ. ಒಟ್ಟಿಗೆ ಬಂದವರು ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಹೋಗುವುದೂ ಒಟ್ಟಿಗೆ. ಇನ್ನು ಮುಂದೆ ಸ್ವಲ್ಪ ಸ್ವಲ್ಪವೇ ಹಾಕಿ.

ಮಾಡ್ ಬೇಕಾ?

ಮಾಡ್ ಅಂದರೆ ಆಟಕ್ಕೆ ಬೇರೆಯವರು ಬರೆದ ಸೇರ್ಪಡೆ. ಟ್ರಾಫಿಕ್ ಮ್ಯಾನೇಜರ್ ಪ್ರೆಸಿಡೆಂಟ್ ಎಡಿಷನ್ ಎಂಬುದು ಇದರಲ್ಲಿ ಹೆಸರುವಾಸಿ. ಯಾವ ಲೇನಿನಿಂದ ಎತ್ತ ತಿರುಗಬೇಕು, ಯಾರು ಮೊದಲು ಹೋಗಬೇಕು, ಎಲ್ಲ ನೀವೇ ಹೇಳಬಹುದು. ಒಳ್ಳೆಯದೇ. ಆದರೆ ಒಂದು ವಿಷಯ ತಿಳಿದಿರಲಿ. ಮೂಲ ಆಟದಲ್ಲಿ ಬಹಳ ಹೊತ್ತು ಸಿಕ್ಕಿಬಿದ್ದ ಗಾಡಿ ತಾನಾಗಿ ಮಾಯವಾಗುತ್ತದೆ. ಮಾಡ್‌ನಲ್ಲಿ ಅದನ್ನು ನಿಲ್ಲಿಸುವ ಗುಂಡಿ ಇದೆ. ಉತ್ಸಾಹದಲ್ಲಿ ಒತ್ತಿದವರ ಊರು ಹತ್ತು ನಿಮಿಷದಲ್ಲಿ ಪೂರ್ತಿ ನಿಂತು ಹೋಗುತ್ತದೆ. ಮೊದಲು ಮೇಲಿನ ಕೆಲಸಗಳನ್ನು ಮುಗಿಸಿ, ಆಮೇಲೆ ಅದನ್ನು ಮುಟ್ಟಿ.

ಕೊನೆಗೆ, ಬದಲಾವಣೆ ಮಾಡಿದ ತಕ್ಷಣ ಏನೂ ಆಗಲಿಲ್ಲ ಅಂತ ಮತ್ತೆ ಒಡೆಯಬೇಡಿ. ಹಳೆಯ ದಾರಿ ಹಿಡಿದು ಹೊರಟ ಗಾಡಿಗಳು ಅದೇ ದಾರಿಯಲ್ಲಿ ಹೋಗಿ ಮುಗಿಸಬೇಕು. ಒಂದು ಸಲಕ್ಕೆ ಒಂದೇ ಜಂಕ್ಷನ್ ಸರಿಮಾಡಿ, ಆಟವನ್ನು ವೇಗಕ್ಕೆ ಹಾಕಿ, ಆಟದ ಲೆಕ್ಕದಲ್ಲಿ ಒಂದೆರಡು ತಿಂಗಳು ಓಡಲು ಬಿಡಿ. ಅಷ್ಟರಲ್ಲಿ ಒಂದು ಚಾಯ ಮಾಡಿಕೊಂಡು ಬರಬಹುದು. ಬಂದು ಟ್ರಾಫಿಕ್ ನೋಟ ತೆರೆದಾಗಲೂ ಅಲ್ಲೇ ಕೆಂಪಿದ್ದರೆ, ಮತ್ತೆ ಒಂದು ಲಾರಿಯ ಮೇಲೆ ಕ್ಲಿಕ್ ಮಾಡಿ, ಎಲ್ಲಿಗೆ ಹೊರಟಿದೆ ಅಂತ ನೋಡಿ.